ಟನ್ನಿಗೆ 170 ಗ್ರಾಂ

ಒಂದು ಟನ್ ಮೆಗ್ನೀಸಿಯಂನಲ್ಲಿ 170 ಗ್ರಾಂಗಿಂತ ಕಡಿಮೆ ಕಬ್ಬಿಣವಿದ್ದರೆ ಆ ಲೋಹ ಉಪ್ಪುನೀರನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಆ ಗೆರೆ ದಾಟಿತೋ, ಸವೆತದ ವೇಗ ಒಮ್ಮೆಲೇ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಏರಿಬಿಡುತ್ತದೆ. ಕಬ್ಬಿಣ ತುಸು ಹೆಚ್ಚಿದರೆ ಸವೆತವೂ ತುಸು ಹೆಚ್ಚಬೇಕು ಎಂಬುದು ಸಹಜ ನಿರೀಕ್ಷೆ. ಇಲ್ಲಿ ಹಾಗಾಗುವುದಿಲ್ಲ. ನಿಕ್ಕಲ್ಲಿನ ಮಿತಿಯಂತೂ ಇನ್ನೂ ಬಿಗಿ: ಟನ್ನಿಗೆ ಬರೀ 5 ಗ್ರಾಂ. ತಾಮ್ರಕ್ಕೆ ಮಾತ್ರ ಒಂದು ಕಿಲೋವರೆಗೆ ರಿಯಾಯಿತಿ ಉಂಟು.

ಈ ಲೆಕ್ಕ ಹೊರಬಂದದ್ದು 1942ರಲ್ಲಿ, ಅಮೆರಿಕದ ಡೌ ಕೆಮಿಕಲ್ ಕಂಪನಿಯಿಂದ. ಆ ಹೊತ್ತಿಗೆ ಯುದ್ಧವಿಮಾನಗಳಿಗೆ ಹಗುರ ಲೋಹ ಬೇಕೇಬೇಕಾಗಿತ್ತು. ಹಿಂದಿನ ವರ್ಷವಷ್ಟೇ ಆ ಕಂಪನಿ ಟೆಕ್ಸಾಸಿನ ಫ್ರೀಪೋರ್ಟ್‌ನಲ್ಲಿ ಸಮುದ್ರದ ನೀರಿನಿಂದಲೇ ಮೆಗ್ನೀಸಿಯಂ ತೆಗೆಯಲು ಶುರು ಮಾಡಿತ್ತು. ಹ್ಯಾನವಾಲ್ಟ್, ನೆಲ್ಸನ್, ಪೆಲೂಬೆ ಎಂಬ ಮೂವರು ಮೆಗ್ನೀಸಿಯಂಗೆ ಬೇರೆ ಬೇರೆ ಧಾತುಗಳನ್ನು ಅಳೆದು ಬೆರೆಸಿ, ಆ ತುಂಡುಗಳನ್ನು ಶೇ 3ರ ಉಪ್ಪುನೀರಿನಲ್ಲಿ ಅದ್ದುತ್ತಾ ತೆಗೆಯುತ್ತಾ ತೂಕ ನೋಡಿದರು. ಬಹುತೇಕ ಧಾತುಗಳು ಹೇಳಿಕೊಳ್ಳುವಂಥ ಹಾನಿ ಮಾಡಲಿಲ್ಲ. ಕಬ್ಬಿಣ, ನಿಕ್ಕಲ್, ತಾಮ್ರದಂಥವು ಮಾತ್ರ ಒಂದು ಮಿತಿಯವರೆಗೆ ಸುಮ್ಮನಿದ್ದು, ಆಮೇಲೆ ಲೋಹವನ್ನೇ ತಿಂದುಹಾಕಿದವು. ಇದೇ ಹ್ಯಾನವಾಲ್ಟ್, ಎಕ್ಸ್‌ರೇ ಚಿತ್ರ ನೋಡಿ ಹರಳುಗಳನ್ನು ಗುರುತಿಸುವ ಸೂಚಿಯನ್ನು ರೂಪಿಸಿದವರು. ಆ ಕ್ಷೇತ್ರದಲ್ಲಿ ಅವರ ಹೆಸರು ಇವತ್ತಿಗೂ ಚಾಲ್ತಿಯಲ್ಲಿದೆ. ಮೆಗ್ನೀಸಿಯಂ ಕುರಿತ ಅವರ ಕೆಲಸಕ್ಕೂ ಅಷ್ಟೇ ಮನ್ನಣೆ ಸಲ್ಲಬೇಕು. ಅದಕ್ಕೂ ಮೊದಲು ಈ ಲೋಹ ಹುಟ್ಟಾ ಸವೆಯುವಂಥದ್ದು, ಅದರ ಹಣೆಬರಹವೇ ಅಷ್ಟು ಎಂದು ಅನೇಕ ಎಂಜಿನಿಯರುಗಳು ನಂಬಿದ್ದರು. ತಪ್ಪು ಲೋಹದ್ದಲ್ಲ, ಅದರೊಳಗೆ ನುಸುಳಿದ ಗ್ರಾಂಗಳದ್ದು ಎಂದು ತೋರಿಸಿದ್ದು ಆ ಪ್ರಯೋಗ.

ಈ ಮಿತಿ ಯಾಕೆ ಗೆರೆ ಎಳೆದಷ್ಟು ಖಚಿತ ಎಂಬುದಕ್ಕೆ ಒಳ್ಳೆಯ ವಿವರಣೆ ಸಿಕ್ಕಿದ್ದು ಬಹಳ ತಡವಾಗಿ. ಗಟ್ಟಿ ಮೆಗ್ನೀಸಿಯಂ ಕಬ್ಬಿಣವನ್ನು ತನ್ನೊಳಗೆ ಸೇರಿಸಿಕೊಳ್ಳುವುದೇ ಇಲ್ಲ ಎನ್ನಬಹುದು. ಕರಗಿದ ಮೆಗ್ನೀಸಿಯಂ ಹೆಪ್ಪುಗಟ್ಟುವ 650 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಟನ್ನಿಗೆ ಸುಮಾರು 180 ಗ್ರಾಂ ಕಬ್ಬಿಣವನ್ನಷ್ಟೇ ಹಿಡಿದಿಟ್ಟುಕೊಂಡಿರಬಲ್ಲದು. ಅದಕ್ಕಿಂತ ಹೆಚ್ಚಿದ್ದರೆ ಮೆಗ್ನೀಸಿಯಂ ಗಟ್ಟಿಯಾಗುವ ಮೊದಲೇ ಕಬ್ಬಿಣ ಬೇರ್ಪಟ್ಟು ಕಣಗಳಾಗಿ ನಿಲ್ಲುತ್ತದೆ. ಉಪ್ಪುನೀರು ತಾಗಿದಾಗ ಅಂಥ ಒಂದೊಂದು ಕಣವೂ ಒಂದು ಬ್ಯಾಟರಿಯ ಧ್ರುವವಾಗುತ್ತದೆ. ಕಬ್ಬಿಣದ ಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಸುತ್ತಲಿನ ಮೆಗ್ನೀಸಿಯಂ ಕರಗುತ್ತಲೇ ಇರುತ್ತದೆ. ಡೌ ಪ್ರಯೋಗದ ಮಿತಿಯೂ ಈ ಕರಗುವಿಕೆಯ ಮಿತಿಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ನಿಲ್ಲುವುದು ಕಾಕತಾಳೀಯವಲ್ಲ.

ಇದೇ ಸಂಗತಿಯನ್ನು ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲ್ಯಾಂಬೋಟ್ ಬಹಳ ಮೊದಲೇ, ನೋವಿನ ದಾರಿಯಲ್ಲಿ ಕಂಡಿದ್ದರು. 1907ರಲ್ಲಿ ಅವರು ವರದಿ ಮಾಡಿದ ಪ್ರಕರಣದಲ್ಲಿ ಮುರಿದ ಕಾಲಿನ ಮೂಳೆಗೆ ಮೆಗ್ನೀಸಿಯಂ ಪಟ್ಟಿ ಇಟ್ಟು, ಚಿನ್ನದ ಲೇಪನದ ಉಕ್ಕಿನ ಮೊಳೆಗಳಿಂದ ಬಿಗಿದಿದ್ದರು. ಎಂಟೇ ದಿನದಲ್ಲಿ ಪಟ್ಟಿ ಪುಡಿಪುಡಿಯಾಯಿತು. ಚರ್ಮದಡಿ ಅನಿಲ ತುಂಬಿಕೊಂಡಿತು. ಮೊಳೆಯ ಉಕ್ಕೂ ಚಿನ್ನವೂ ಮೆಗ್ನೀಸಿಯಂ ಪಕ್ಕದಲ್ಲಿ, ದೇಹದ ಉಪ್ಪುದ್ರವದೊಳಗೆ ಕುಳಿತಾಗ ಆಗಿದ್ದೂ ಆ ಬ್ಯಾಟರಿ ಕೆಲಸವೇ. ಡೌ ಪ್ರಯೋಗದಲ್ಲಿ ಕಬ್ಬಿಣ ಲೋಹದೊಳಗೆ ಹುದುಗಿತ್ತು, ಇಲ್ಲಿ ಹೊರಗಿನಿಂದ ಚುಚ್ಚಿಕೊಂಡಿತ್ತು. ವ್ಯತ್ಯಾಸ ಅಷ್ಟೇ.

ಪರಿಹಾರವೂ ಚಿಟಿಕೆಯಲ್ಲೇ ಸಿಕ್ಕಿತು. ಕಬ್ಬಿಣವನ್ನು ಪೂರ್ತಿ ತೆಗೆಯುವುದು ಕಷ್ಟ, ಏಕೆಂದರೆ ಮೆಗ್ನೀಸಿಯಂ ಕರಗಿಸುವ ಮೂಸೆಯೇ ಉಕ್ಕಿನದು. ಕಾವು ಹೆಚ್ಚಿದಷ್ಟೂ ಅದರಿಂದ ಕಬ್ಬಿಣ ಇಳಿದು ಬರುತ್ತಲೇ ಇರುತ್ತದೆ. ಆದರೆ ಟನ್ನಿಗೆ ಎರಡು ಮೂರು ಕಿಲೋ ಮ್ಯಾಂಗನೀಸ್ ಹಾಕಿದರೆ ಅದು ಮಿಶ್ರಲೋಹದಲ್ಲಿರುವ ಅಲ್ಯೂಮಿನಿಯಂ ಮತ್ತು ಕಬ್ಬಿಣ ಎರಡನ್ನೂ ಕೂಡಿಕೊಂಡು ಭಾರವಾದ ಕಣಗಳಾಗಿ ಮೂಸೆಯ ತಳಕ್ಕೆ ಇಳಿಯುತ್ತದೆ. ಉಳಿದ ಕಬ್ಬಿಣವನ್ನು ಮ್ಯಾಂಗನೀಸ್‌ಭರಿತ ಕಣ ಸುತ್ತುವರಿದು ಅದರ ಹಲ್ಲು ಕೀಳುತ್ತದೆ. ಅದಕ್ಕಾಗಿಯೇ ಇವತ್ತಿನ ಮಾನಕಗಳು ಕಬ್ಬಿಣ ಎಷ್ಟು ಎಂದು ಮಾತ್ರ ಕೇಳುವುದಿಲ್ಲ, ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಇರುವ ಅನುಪಾತ ಎಷ್ಟು ಎಂದೂ ಕೇಳುತ್ತವೆ. ಕಾರಿನ ಬಿಡಿಭಾಗಗಳಿಗೆ ಅತಿ ಹೆಚ್ಚು ಬಳಕೆಯಾಗುವ ಎಝಡ್91 ಮಿಶ್ರಲೋಹದ ಹೆಸರಿನಲ್ಲಿ ಶೇ 9 ಅಲ್ಯೂಮಿನಿಯಂ, ಶೇ 1 ಸತು ಎಂಬುದು ಎದ್ದು ಕಾಣುತ್ತದೆ. ಆದರೆ 1980ರ ದಶಕದಲ್ಲಿ ಅದಕ್ಕೆ ಕಾರುಗಳಲ್ಲಿ ಮತ್ತೆ ಜಾಗ ಸಿಕ್ಕಿದ್ದು ಕೊನೆಗೆ ಅಂಟಿಕೊಂಡ ‘ಡಿ’ ಎಂಬ ಅಕ್ಷರದಿಂದ. ಕಬ್ಬಿಣ, ನಿಕ್ಕಲ್, ತಾಮ್ರಗಳನ್ನು ಬಿಗಿಯಾಗಿ ಕಟ್ಟಿಹಾಕಿದ ಶುದ್ಧ ದರ್ಜೆ ಅದು.

ಮೆಗ್ನೀಸಿಯಂ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೇಳಬಯಸುವುದು ಇದನ್ನೇ. ಸೇರಿಸಿದ ಧಾತು ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಹೋಗಿ ಕೂರುತ್ತದೆ, ಒಳಗಿರುವ ಯಾವುದರ ಕೈ ಹಿಡಿಯುತ್ತದೆ ಎಂಬುದೇ ದೊಡ್ಡದು. ಘನ ಸೆಂಟಿಮೀಟರಿಗೆ 1.74 ಗ್ರಾಂ ತೂಗುವ ಈ ಲೋಹ ಅಲ್ಯೂಮಿನಿಯಂನ ಮೂರನೇ ಎರಡು ಭಾಗದಷ್ಟು, ಉಕ್ಕಿನ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಭಾರ. ಇಷ್ಟು ಹಗುರವಾಗಿದ್ದೂ ಅದು ಎಲ್ಲೆಡೆ ಬಳಕೆಗೆ ಬಾರದಿರಲು ಇರುವ ಒಂದೊಂದು ಕಾರಣಕ್ಕೂ ಒಂದೊಂದು ಚಿಟಿಕೆಯ ಮದ್ದಿದೆ. ತೊಡಕೆಂದರೆ ಆ ಮದ್ದುಗಳು ಒಂದಕ್ಕೊಂದು ಹೊಂದುವುದಿಲ್ಲ.

ಜಿರ್ಕೋನಿಯಂ ಕತೆ ನೋಡಿ. 1937ರಲ್ಲಿ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಗಾಗಿ ಕೆಲಸ ಮಾಡುತ್ತಿದ್ದ ಫ್ರಾಂಝ್ ಸೌವರ್‌ವಾಲ್ಡ್, ಅರ್ಧ ಶೇಕಡಾದಷ್ಟು ಜಿರ್ಕೋನಿಯಂ ಬಿದ್ದರೆ ಮೆಗ್ನೀಸಿಯಂ ಎರಕದ ಹರಳುಗಳು ಅಗಾಧವಾಗಿ ಕಿರಿದಾಗುವುದನ್ನು ಕಂಡುಹಿಡಿದರು. ಬರೀ ಮೆಗ್ನೀಸಿಯಂ ಎರಕ ಹೊಯ್ದರೆ ಒಳಗಿನ ಹರಳುಗಳು ಮಿಲಿಮೀಟರ್‌ಗಟ್ಟಲೆ ಬೆಳೆದಿರುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ಜಿರ್ಕೋನಿಯಂ ಬಿದ್ದದ್ದೇ ಅವು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತವೆ. ಹರಳು ಚಿಕ್ಕದಾದಷ್ಟೂ ಲೋಹ ಗಟ್ಟಿ ಎಂಬುದು ಎಲ್ಲ ಲೋಹಗಳಿಗೂ ಹೆಚ್ಚುಕಡಿಮೆ ಒಪ್ಪುವ ಮಾತು. ಮೆಗ್ನೀಸಿಯಂಗೆ ಅದರಿಂದ ಸಿಗುವ ಲಾಭ ಅಲ್ಯೂಮಿನಿಯಂಗೆ ಸಿಗುವುದಕ್ಕಿಂತ ಬಹಳ ದೊಡ್ಡದು.

ಜಿರ್ಕೋನಿಯಂ ಹರಳುಗಳನ್ನು ಕಿರಿದಾಗಿಸಲು ಕಾರಣ ಪರಮಾಣುಗಳ ಅಳತೆಯಲ್ಲಿದೆ. ಮೆಗ್ನೀಸಿಯಂ ಹರಳಿನಲ್ಲಿ ಪರಮಾಣುಗಳು ಷಟ್ಕೋನದ ಪದರಗಳಾಗಿ ಒಂದರ ಮೇಲೊಂದು ಕೂರುತ್ತವೆ. ಪದರದೊಳಗೆ ಪರಮಾಣುವಿನಿಂದ ಪರಮಾಣುವಿಗೆ 0.321 ನ್ಯಾನೋಮೀಟರ್. ಜಿರ್ಕೋನಿಯಂನದ್ದೂ ಅದೇ ಷಟ್ಕೋನ ಜೋಡಣೆ, ಅಂತರ 0.323. ಕರಗಿದ ಮೆಗ್ನೀಸಿಯಂ ತಣಿಯುವಾಗ ಅದು ಗಟ್ಟಿಯಾಗಲು ಕೆಲವೇ ಡಿಗ್ರಿ ಬಾಕಿ ಇರುವಾಗ ಜಿರ್ಕೋನಿಯಂ ಕಣಗಳು ಸಿದ್ಧವಾಗಿರುತ್ತವೆ. ತನ್ನದೇ ಅಳತೆಯ ಮೆಟ್ಟಿಲು ಸಿಕ್ಕಿದ ಕೂಡಲೇ ಮೆಗ್ನೀಸಿಯಂ ಪರಮಾಣುಗಳು ಅದರ ಮೇಲೆ ಸಾಲುಗಟ್ಟಲು ಶುರು ಮಾಡುತ್ತವೆ. ಒಂದು ಕಡೆ ಒಂದೇ ಹರಳು ಬೆಳೆಯುವ ಬದಲು ಸಾವಿರಾರು ಕಡೆ ಏಕಕಾಲಕ್ಕೆ ಹರಳು ಮೊಳೆಯುತ್ತದೆ, ಯಾವುದಕ್ಕೂ ದೊಡ್ಡದಾಗಲು ಜಾಗ ಉಳಿಯುವುದಿಲ್ಲ.

ಇಂಥ ಎರಕದ ತುಂಡನ್ನು ಉಜ್ಜಿ ನುಣುಪು ಮಾಡಿ ನೋಡುವುದೇ ಒಂದು ನಾಜೂಕು ಕೆಲಸ. ಮೆಗ್ನೀಸಿಯಂ ನೀರಿಗೂ ಕಪ್ಪಾಗುವುದರಿಂದ ಕೊನೆಯ ಹಂತದಲ್ಲಿ ನೀರನ್ನು ದೂರವಿಟ್ಟು ಆಲ್ಕೋಹಾಲ್ ಬಳಸುತ್ತಾರೆ. ಆಮೇಲೆ ಸೌಮ್ಯ ಆಮ್ಲದಲ್ಲಿ ಕೆಲವು ಸೆಕೆಂಡು ಅದ್ದಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡುದುಂಡಾದ ಹರಳುಗಳು, ಹೆಚ್ಚಿನವುಗಳ ಒಡಲಲ್ಲಿ ಹೂವಿನಾಕಾರದ ಒಂದು ಮಚ್ಚೆ ಕಾಣುತ್ತದೆ. ಜಿರ್ಕೋನಿಯಂ ಹೆಚ್ಚು ಕರಗಿರುವ ಜಾಗ ಅದು, ಹರಳು ಮೊದಲು ಬೆಳೆದ ಭಾಗ. ಅದೃಷ್ಟವಿದ್ದರೆ ಹೂವಿನ ನಡುವೆ ಬೀಜವಾದ ಜಿರ್ಕೋನಿಯಂ ಕಣವೂ ಸಿಗುತ್ತದೆ. ಒಂದು ಲೋಹ ದ್ರವದಿಂದ ಹೇಗೆ ಹುಟ್ಟಿತು ಎಂಬುದು ಇಷ್ಟು ಸ್ಪಷ್ಟವಾಗಿ ಬರೆದಿಟ್ಟಂತೆ ಕಾಣುವ ಜಾಗಗಳು ಹೆಚ್ಚಿಲ್ಲ.

ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕವಚದಂಥ ದೊಡ್ಡ ಎರಕಗಳು ಈ ಜಿರ್ಕೋನಿಯಂ ಕುಟುಂಬದವು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಫೌಂಡ್ರಿ ಮತ್ತು ಫೋರ್ಜ್ ವಿಭಾಗ ಅಲ್ಯೂಮಿನಿಯಂ ಜೊತೆಗೆ ಮೆಗ್ನೀಸಿಯಂ ಎರಕವನ್ನೂ ಮಾಡುತ್ತದೆ. ಯಾವ ಫೌಂಡ್ರಿಯಲ್ಲೇ ಆಗಲಿ ಇದು ತಾಳ್ಮೆಯ ಕೆಲಸ. ಜಿರ್ಕೋನಿಯಂ ಮೆಗ್ನೀಸಿಯಂಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಸಾಂದ್ರ. ಕಲಕದೆ ಬಿಟ್ಟರೆ ಕಣಗಳು ತಳ ಸೇರುತ್ತವೆ, ಕಲಕುತ್ತಲೇ ಇದ್ದರೆ ಮೇಲಿನ ಆಕ್ಸೈಡ್ ಕೆನೆ ಒಳಗೆ ಬೆರೆಯುತ್ತದೆ. ಸಾಲದ್ದಕ್ಕೆ ಮೂಸೆಯಿಂದ ಇಳಿಯುವ ಕಬ್ಬಿಣ ಜಿರ್ಕೋನಿಯಂ ಅನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಇದರಿಂದ ಕಬ್ಬಿಣ ಕಡಿಮೆಯಾಗುವುದು ಒಳ್ಳೆಯದೇ, ಜಿರ್ಕೋನಿಯಂ ನಷ್ಟವಾಗುವುದು ದುಬಾರಿ. ಎಲ್ಲಕ್ಕಿಂತ ದೊಡ್ಡ ತಡೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಇರುವ ಮಿಶ್ರಲೋಹಕ್ಕೆ ಜಿರ್ಕೋನಿಯಂ ಹಾಕಿದರೆ ಎರಡೂ ಕೂಡಿ ಗಟ್ಟಿ ಸಂಯುಕ್ತವಾಗಿ ಕೆಳಗಿಳಿಯುತ್ತವೆ, ಹರಳಿಗೆ ಬೀಜ ಉಳಿಯುವುದಿಲ್ಲ. ಹೀಗಾಗಿ ಮೆಗ್ನೀಸಿಯಂ ಮಿಶ್ರಲೋಹಗಳ ಲೋಕ ಅಂದಿನಿಂದಲೂ ಎರಡು ಪಂಗಡ: ಅಲ್ಯೂಮಿನಿಯಂ ಇರುವವು, ಜಿರ್ಕೋನಿಯಂ ಇರುವವು.

ಅಲ್ಯೂಮಿನಿಯಂ ಪಂಗಡದ ತಲೆನೋವು ಕಾವು. ಹರಳುಗಳ ಅಂಚಿನಲ್ಲಿ ಕೂರುವ ಮೆಗ್ನೀಸಿಯಂ–ಅಲ್ಯೂಮಿನಿಯಂ ಸಂಯುಕ್ತ 120 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಬಿಗಿದ ಬೋಲ್ಟು ನಿಧಾನವಾಗಿ ಸಡಿಲುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಬೀಟಲ್ ಕಾರಿನ ಇಂಜಿನ್ ಮತ್ತು ಗೇರ್‌ಬಾಕ್ಸ್ ಕವಚಗಳಿಗೆ ಒಂದೊಂದು ಕಾರಿಗೂ ಸುಮಾರು 20 ಕಿಲೋ ಮೆಗ್ನೀಸಿಯಂ ಬಳಸುತ್ತಿತ್ತು. 1971ರಲ್ಲಿ ಆ ಕಂಪನಿಯೊಂದರ ಬಳಕೆಯೇ 42,000 ಟನ್. ಇಂಜಿನ್ನಿನ ಶಕ್ತಿ ಹೆಚ್ಚಿ ಕಾವೂ ಏರಿದಾಗ ಅವರು ಅಲ್ಯೂಮಿನಿಯಂ ತಗ್ಗಿಸಿ ಒಂದು ಶೇಕಡಾದಷ್ಟು ಸಿಲಿಕಾನ್ ಸೇರಿಸಿದರು. ಸಿಲಿಕಾನ್ ಮೆಗ್ನೀಸಿಯಂ ಜೊತೆ ಕೂಡಿ ಆಗುವ ಸಂಯುಕ್ತ ಕರಗಲು 1,085 ಡಿಗ್ರಿ ಬೇಕು. ಅದು ಹರಳುಗಳ ಅಂಚನ್ನು ಬೆಣೆ ಹೊಡೆದಂತೆ ಹಿಡಿಯುತ್ತದೆ. 2004ರಿಂದ ಬಿಎಂಡಬ್ಲ್ಯು ತನ್ನ ಆರು ಸಿಲಿಂಡರಿನ ಇಂಜಿನ್ ಕವಚಕ್ಕೆ ಬಳಸಿದ ಮಿಶ್ರಲೋಹದಲ್ಲಿ ಇದೇ ಕೆಲಸವನ್ನು ಸ್ಟ್ರಾನ್ಷಿಯಂ ಮಾಡಿತು. ಒಳಗಡೆ ಅಲ್ಯೂಮಿನಿಯಂ ತಿರುಳು, ಹೊರಗಡೆ ಮೆಗ್ನೀಸಿಯಂ.

ಇನ್ನು ಬಾಗುವ ಮಾತು. ಇದೇ ನನಗೆ ಈ ಲೋಹದ ಅತ್ಯಂತ ಸೊಗಸಾದ ಭಾಗ. ಅಲ್ಯೂಮಿನಿಯಂ ತಗಡನ್ನು ಒತ್ತಿ ಪಾತ್ರೆ ಮಾಡುವ ಹಾಗೆ ಮೆಗ್ನೀಸಿಯಂ ತಗಡನ್ನು ತಣ್ಣಗಿರುವಾಗ ಒತ್ತಿದರೆ ಬಿರುಕು ಬಿಡುತ್ತದೆ. ಷಟ್ಕೋನ ಪದರಗಳ ಜೋಡಣೆ ಇಸ್ಪೀಟಿನ ಕಟ್ಟಿದ್ದ ಹಾಗೆ: ಎಲೆಗಳು ಒಂದರ ಮೇಲೊಂದು ಅಡ್ಡಡ್ಡ ಜಾರುತ್ತವೆ, ಕಟ್ಟನ್ನು ಮೇಲಿಂದ ಅದುಮಿದರೆ ಮಿಸುಕುವುದಿಲ್ಲ. ಒಂದು ಲೋಹ ಬೇಕಾದ ಆಕಾರಕ್ಕೆ ಬರಬೇಕಾದರೆ ಅದರ ಹರಳು ಪರಸ್ಪರ ಸ್ವತಂತ್ರವಾದ ಐದು ಬಗೆಯಲ್ಲಿ ಜಾರಬೇಕು. ಸಾಮಾನ್ಯ ಉಷ್ಣಾಂಶದಲ್ಲಿ ಮೆಗ್ನೀಸಿಯಂಗೆ ಸಲೀಸಾಗಿ ಸಿಗುವುದು ಎರಡೇ. ಉರುಳೆಯಡಿ ತಗಡು ಮಾಡುವಾಗ ಇನ್ನೊಂದು ಅನಾಹುತ: ಎಲ್ಲ ಹರಳುಗಳ ಕಟ್ಟುಗಳೂ ತಗಡಿನ ಮೈಗೆ ಸಮನಾಗಿ ಮಲಗಿಬಿಡುತ್ತವೆ. ಆಮೇಲೆ ತಗಡನ್ನು ತೆಳುವಾಗಿಸಲು ಹೋದರೆ ಜಾರಲು ಯಾವ ಹರಳಿಗೂ ದಾರಿಯೇ ಇರುವುದಿಲ್ಲ.

ಇಲ್ಲಿ ಬರುತ್ತವೆ ಸೀರಿಯಂ, ಗ್ಯಾಡೋಲಿನಿಯಂ, ಇಟ್ರಿಯಂ ಮುಂತಾದವು, ರೇರ್ ಅರ್ತ್ ಎಂದು ಪತ್ರಿಕೆಗಳಲ್ಲಿ ಈಗ ದಿನವೂ ಓದುವ ಧಾತುಗಳು. 2008ರಲ್ಲಿ ಜನರಲ್ ಮೋಟರ್ಸ್ ಸಂಶೋಧಕರು ಪ್ರಕಟಿಸಿದ ಕೆಲಸದಲ್ಲಿ ಮೆಗ್ನೀಸಿಯಂಗೆ ಸೇರಿಸಿದ್ದು ಶೇ 0.2 ಸೀರಿಯಂ ಮಾತ್ರ, ಅಂದರೆ ಟನ್ನಿಗೆ 2 ಕಿಲೋ. ಅಚ್ಚಿನಿಂದ ಒತ್ತಿ ತೆಗೆದ ಸರಳು ಮುರಿಯುವ ಮುನ್ನ ಹಿಗ್ಗುವ ಪ್ರಮಾಣ ಸುಮಾರು ಮೂರು ಪಟ್ಟಾಯಿತು. ಲೋಹದ ಒಳಗಿನ ಹರಳುಗಳು ಒಂದೇ ದಿಕ್ಕಿಗೆ ಮಲಗುವುದನ್ನು ಬಿಟ್ಟು ಓರೆಕೋರೆಯಾಗಿ ನಿಂತಿದ್ದವು. ಓರೆಯಾದ ಕಟ್ಟು ಜಾರಬಲ್ಲದು.

ಇಷ್ಟು ಸಣ್ಣ ಪ್ರಮಾಣ ಇಡೀ ಲೋಹದ ಹರಳುಗಳನ್ನು ತಿರುಗಿಸುವುದು ಹೇಗೆ? ಸೀರಿಯಂ ಪರಮಾಣು ಮೆಗ್ನೀಸಿಯಂಗಿಂತ ಗಾತ್ರದಲ್ಲಿ ದೊಡ್ಡದು. ಅಚ್ಚುಕಟ್ಟಾದ ಸಾಲಿನ ನಡುವೆ ಅದಕ್ಕೆ ಇಕ್ಕಟ್ಟು. ಹಾಗಾಗಿ ಎರಡು ಹರಳುಗಳು ಸೇರುವ ಗಡಿಯಂಥ, ಸ್ವಲ್ಪ ಸಡಿಲವಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಹರಳುಗಳು ಬಿಸಿಯಲ್ಲಿ ಮರುಹುಟ್ಟು ಪಡೆಯುವಾಗ ಗಡಿಗಳು ಸರಿಯುತ್ತವೆ. ಸಾಮಾನ್ಯವಾಗಿ ಮಲಗಿದ ಹರಳುಗಳ ಗಡಿಯೇ ವೇಗವಾಗಿ ಸರಿದು ಉಳಿದವನ್ನು ನುಂಗುತ್ತದೆ. ದಪ್ಪ ಪರಮಾಣುಗಳು ಗಡಿಗೆ ಜೋತುಬಿದ್ದಾಗ ಆ ವೇಗ ಕುಂದುತ್ತದೆ, ಓರೆ ಹರಳುಗಳಿಗೂ ಬೆಳೆಯಲು ಸಮಯ ಸಿಗುತ್ತದೆ. ಗಡಿ ಎಂದರೆ ಕೆಲವೇ ಪರಮಾಣು ದಪ್ಪದ ಜಾಗ. ಅದನ್ನು ತುಂಬಲು ಇಡೀ ಲೋಹದ ಲೆಕ್ಕದಲ್ಲಿ ನಗಣ್ಯವಾದ ಪ್ರಮಾಣ ಸಾಕು. ಚಿಟಿಕೆಯ ಶಕ್ತಿಯ ಗುಟ್ಟು ಇರುವುದು ಇಲ್ಲಿ.

ಇದನ್ನು ಕಣ್ಣಾರೆ ತೋರಿಸಿದ ಕೆಲಸ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಜಿಯಾನ್‌ಫೆಂಗ್ ನೀ ಮತ್ತು ಸಂಗಡಿಗರು ಗ್ಯಾಡೋಲಿನಿಯಂ ಹಾಗೂ ಸತು ಸೇರಿದ ಮೆಗ್ನೀಸಿಯಂ ಅನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಮಾಣು ಮಟ್ಟಕ್ಕೆ ಇಳಿದು ನೋಡಿದರು. ಹರಳು ತನ್ನ ಪ್ರತಿಬಿಂಬದ ಹಾಗೆ ಮಡಿಸಿಕೊಂಡಿರುವ ಅವಳಿ ಗಡಿಗಳ ಚಿತ್ರಗಳು ಅವು. ಭಾರದ ಪರಮಾಣು ಇಂಥ ಚಿತ್ರದಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೆ. ಗಡಿಯುದ್ದಕ್ಕೂ ಬಿಳಿ ಚುಕ್ಕೆಗಳು ಲೆಕ್ಕ ಹಾಕಿ ಇಟ್ಟಂತೆ, ಸಮ ಅಂತರದಲ್ಲಿ ಸಾಲಾಗಿವೆ. ಗಡಿಯಲ್ಲಿ ಒಂದು ಜಾಗ ಹಿಗ್ಗಿದ್ದರೆ ಪಕ್ಕದ್ದು ಕುಗ್ಗಿರುತ್ತದೆ. ದೊಡ್ಡ ಗ್ಯಾಡೋಲಿನಿಯಂ ಹಿಗ್ಗಿದ ಜಾಗ ಹಿಡಿದರೆ ಚಿಕ್ಕ ಸತು ಕುಗ್ಗಿದ ಜಾಗಕ್ಕೆ ಹೋಗುತ್ತದೆ. ಹೀಗೆ ಎರಡೂ ಕೂಡಿ ಗಡಿಯನ್ನು ಅಲ್ಲಾಡದಂತೆ ಕಟ್ಟುತ್ತವೆ. ಸಾಮಾನ್ಯವಾಗಿ ಬಾಗಿಸಿದ ಲೋಹವನ್ನು ಮತ್ತೆ ಕಾಯಿಸಿದರೆ ಮೆತ್ತಗಾಗುತ್ತದೆ. ಇಲ್ಲಿ ಕಾಯಿಸಿದ ಮೇಲೆ ಗಟ್ಟಿಯಾಯಿತು.

ಹರಳುಗಳ ಈ ದಿಕ್ಕಿನ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದ್ದೂ ಒಂದು ಗಟ್ಟಿ ಪಾಲಿದೆ. ಅಲ್ಲಿನ ಸತ್ಯಂ ಸುವಾಸ್ ಅವರ ತಂಡ ಯಾವ ಧಾತುವನ್ನೂ ಸೇರಿಸದ ಶುದ್ಧ ಮೆಗ್ನೀಸಿಯಂ ಅನ್ನೇ ಮೂಲೆ ತಿರುಗುವ ಅಚ್ಚಿನಲ್ಲಿ ಹಂತಹಂತವಾಗಿ ಕಾವು ಇಳಿಸುತ್ತಾ ಹಾಯಿಸಿ, ಕೊನೆಗೆ ಸಾಮಾನ್ಯ ಉಷ್ಣಾಂಶದಲ್ಲೇ ಬಿರುಕಿಲ್ಲದೆ ಒತ್ತಿ ತೆಗೆದ ಕೆಲಸ 2010ರಲ್ಲಿ ಪ್ರಕಟವಾಯಿತು. ಹರಳನ್ನು ಕಿರಿದು ಮಾಡುವ ದಾರಿ ರಸಾಯನದ್ದಷ್ಟೇ ಅಲ್ಲ, ಒತ್ತುವ ಬಗೆಯದ್ದೂ ಹೌದು.

ಬೆಂಕಿಯ ಭಯ ಬೇರೆಯೇ ಜಾತಿಯದು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ಓಟದಲ್ಲಿ ಮರ್ಸಿಡಿಸ್ ಕಾರೊಂದು ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಮೆಗ್ನೀಸಿಯಂ ಮೈ ಹೊತ್ತಿ ಉರಿದಾಗ ನೀರು ಹಾಕಿದಷ್ಟೂ ಬೆಂಕಿ ಜೋರಾಯಿತು. ಮೆಗ್ನೀಸಿಯಂ ಆಕ್ಸೈಡಿನ ಗಾತ್ರ ತಾನು ಹುಟ್ಟಿದ ಲೋಹದ ಗಾತ್ರದ ಶೇ 81 ಮಾತ್ರ, ಹಾಗಾಗಿ ಅದು ಮೈಯನ್ನು ಪೂರ್ತಿ ಮುಚ್ಚಲಾರದು, ನಡುವೆ ಸಂದು ಉಳಿಯುತ್ತದೆ. ಒಂದೆರಡು ಶೇಕಡಾ ಕ್ಯಾಲ್ಸಿಯಂ ಇದ್ದರೆ ಅದು ಮೇಲಕ್ಕೆ ಬಂದು ಆಕ್ಸೈಡ್ ಪದರವನ್ನು ದಟ್ಟಗೊಳಿಸುತ್ತದೆ, ಹೊತ್ತಿಕೊಳ್ಳುವ ಉಷ್ಣಾಂಶ ನೂರಕ್ಕೂ ಹೆಚ್ಚು ಡಿಗ್ರಿ ಮೇಲೇರುತ್ತದೆ. ಕಾಪಾಡುವ ಅನಿಲದ ಹೊದಿಕೆ ಅಷ್ಟಾಗಿ ಬೇಕಾಗದ್ದರಿಂದ ಇದರಲ್ಲಿ ಪರಿಸರದ ಹಿತವೂ ಇದೆ. ಕರಗಿದ ಮೆಗ್ನೀಸಿಯಂ ಮೇಲೆ ಹೊದಿಸುವ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ 23,000 ಪಟ್ಟಿಗೂ ಹೆಚ್ಚು ಬಲಶಾಲಿ. ಐರೋಪ್ಯ ಒಕ್ಕೂಟ ಅದನ್ನು ದೊಡ್ಡ ಎರಕಶಾಲೆಗಳಲ್ಲಿ 2008ರಿಂದ, ಸಣ್ಣವುಗಳಲ್ಲಿ 2018ರಿಂದ ನಿಷೇಧಿಸಿದೆ. ಟನ್ನಿಗೆ 5ರಿಂದ 15 ಗ್ರಾಂ ಬೆರಿಲಿಯಂ ಕೂಡ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಆದರೆ ಅದು ವಿಷ, ಹೆಚ್ಚಾದರೆ ಹರಳನ್ನು ದಪ್ಪ ಮಾಡುತ್ತದೆ. ಕ್ಯಾಲ್ಸಿಯಂ ಅತಿಯಾದರೂ ಎರಕ ಬಿಸಿಯಲ್ಲೇ ಸೀಳುತ್ತದೆ, ಅಚ್ಚಿಗೆ ಅಂಟಿಕೊಳ್ಳುತ್ತದೆ.

ಲ್ಯಾಂಬೋಟ್ ತುಳಿದ ದಾರಿಯನ್ನು ನೂರು ವರ್ಷಗಳ ಬಳಿಕ ಮತ್ತೆ ಹಿಡಿಯಲು ಆದದ್ದೂ ಶುದ್ಧತೆ ಮತ್ತು ಚಿಟಿಕೆ ಎರಡನ್ನೂ ಒಟ್ಟಿಗೆ ಅರಿತದ್ದರಿಂದ. ದೇಹದೊಳಗೆ ತಾನಾಗಿ ಕರಗಿಹೋಗುವ ಮೆಗ್ನೀಸಿಯಂ ತಿರುಪುಮೊಳೆಗೆ 2013ರಲ್ಲಿ ಯುರೋಪಿನ ಮಾನ್ಯತೆ ಸಿಕ್ಕಿತು. ದಕ್ಷಿಣ ಕೊರಿಯಾ 2015ರಲ್ಲಿ ಕ್ಯಾಲ್ಸಿಯಂ ಮತ್ತು ಸತು ಇರುವ ಒಂದನ್ನು ಒಪ್ಪಿತು. ಮೊಳೆ ತೆಗೆಯಲು ಎರಡನೇ ಶಸ್ತ್ರಚಿಕಿತ್ಸೆ ಬೇಡ ಎನ್ನುವುದು ರೋಗಿಗೆ ಎಷ್ಟು ದೊಡ್ಡ ನೆಮ್ಮದಿ ಎಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಮೆಚ್ಚುಗೆ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಕಣಕಾಲಿನ ಮುರಿತಕ್ಕೆ ಬಳಸಿ ನೋಡಿದ ಮಿಶ್ರಲೋಹಕ್ಕೆ. ಅದರಲ್ಲಿ ಸತುವೂ ಕ್ಯಾಲ್ಸಿಯಂ ಕೂಡ ಅರ್ಧ ಶೇಕಡಾಕ್ಕಿಂತ ಕಡಿಮೆ, ಎರಡೂ ದೇಹಕ್ಕೆ ಪರಿಚಿತ. ರೇರ್ ಅರ್ತ್ ಇಲ್ಲ, ಅಲ್ಯೂಮಿನಿಯಂ ಇಲ್ಲ. ಮೆಗ್ನೀಸಿಯಂ–ಕ್ಯಾಲ್ಸಿಯಂ ಕಣ ಮೆಗ್ನೀಸಿಯಂಗಿಂತಲೂ ಸುಲಭವಾಗಿ ಕರಗುವುದರಿಂದ ಅದು ಕಬ್ಬಿಣದ ಹಾಗೆ ಸುತ್ತಲಿನ ಲೋಹವನ್ನು ತಿನ್ನುವುದಿಲ್ಲ, ತಾನೇ ಮೊದಲು ಹೋಗುತ್ತದೆ. ಇಂಥ ಮಿತಭಾಷಿ ಪಾಕಗಳೇ ಮುಂದಿನ ದಾರಿ ಎಂದು ನನಗನಿಸುತ್ತದೆ. ಏಳೆಂಟು ಧಾತು ಬೆರೆಸಿ ಒಂದು ಗುಣವನ್ನು ಇನ್ನಷ್ಟು ಹಿಗ್ಗಿಸುವ ಸಂಶೋಧನೆಗಳು ಪ್ರಯೋಗಾಲಯದಲ್ಲಿ ಮಿಂಚುತ್ತವೆ, ಫೌಂಡ್ರಿಗೆ ಬಂದಾಗ ಬಳಲುತ್ತವೆ.

ಯಾಕೆಂದರೆ ಪ್ರತಿಯೊಂದು ಚಿಟಿಕೆಯೂ ಗುಜರಿಯಲ್ಲಿ ಲೆಕ್ಕ ಕೇಳುತ್ತದೆ. ಹಳೆಯ ಲೋಹ ಮತ್ತೆ ಕರಗಿಸಲು ಅದಿರಿನಿಂದ ಹೊಸದನ್ನು ತೆಗೆಯುವುದಕ್ಕಿಂತ ಬಹಳ ಕಡಿಮೆ ಶಕ್ತಿ ಸಾಕು. ಮೆಗ್ನೀಸಿಯಂ ಹಸಿರು ಲೋಹ ಎನಿಸಬೇಕಾದರೆ ಆ ದಾರಿಯೇ ಬೇಕು. ಆದರೆ ಗುಜರಿ ರಾಶಿಯಲ್ಲಿ ತಾಮ್ರದ ತಂತಿಯ ತುಣುಕೊಂದು, ನಿಕ್ಕಲ್ ಲೇಪನದ ತಿರುಪೊಂದು ಉಳಿದುಬಿಟ್ಟರೆ ಮೂಸೆಯಲ್ಲಿ ಕರಗಿದ ಆ ಲೋಹವನ್ನು ಮತ್ತೆ ಶುದ್ಧ ದರ್ಜೆಗೆ ತರುವುದು ಕಷ್ಟ. ಮ್ಯಾಂಗನೀಸ್ ಕಬ್ಬಿಣವನ್ನು ಹಿಡಿಯುತ್ತದೆ, ನಿಕ್ಕಲ್ ಅನ್ನು ಅಷ್ಟು ಸಲೀಸಾಗಿ ಹಿಡಿಯುವುದಿಲ್ಲ. ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕವಚವನ್ನೂ ಕಾರಿನ ಸ್ಟಿಯರಿಂಗ್ ಚೌಕಟ್ಟನ್ನೂ ಒಂದೇ ಮೂಸೆಗೆ ಹಾಕಿದರೆ ಜಿರ್ಕೋನಿಯಂ ಅಲ್ಯೂಮಿನಿಯಂ ಹಿಡಿದುಕೊಂಡು ತಳದ ಕೆಸರಾಗುತ್ತದೆ. ಆ ಕೆಸರಿನ ಜೊತೆ ಒಂದರ ಸಣ್ಣ ಹರಳೂ ಹೋಗುತ್ತದೆ, ಇನ್ನೊಂದರ ಅಲ್ಯೂಮಿನಿಯಂ ಪಾಲೂ ಹೋಗುತ್ತದೆ. ಹಾಗಾಗಿ ಎರಡು ರಾಶಿಗಳನ್ನು ಬಿಚ್ಚುವ ಅಂಗಳದಲ್ಲೇ, ಮೂಸೆ ಕಾಯುವ ಮೊದಲೇ ಬೇರ್ಪಡಿಸಿ ಗುರುತು ಹಾಕಿಡಬೇಕು.